ರೌಟರಿನ ದಿಡ್ಡಿ ಬಾಗಿಲು

ಬಳ್ಳಾರಿಯ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲದಲ್ಲಿ ಊರಿನವರೆಲ್ಲ ಏನಾದರೊಂದು ಕೊಂಡರು. ಕೆಲವರು ಗುಡ್ಡ ಕೊಂಡರು, ಕೆಲವರು ಲಾರಿ ಕೊಂಡರು, ಹೆಲಿಕಾಪ್ಟರ್ ಕೊಂಡವರೂ ಇದ್ದರಂತೆ. ನಾನು ಒಂದು ರೌಟರ್ ಕೊಂಡೆ. ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಅದೇ ಮೊದಲನೆಯದು ಎಂದು ನನ್ನ ನಂಬಿಕೆ. ಯಾರನ್ನೂ ವಿಚಾರಿಸಲಿಲ್ಲ, ಎರಡನೆಯದು ಎಂದು ಗೊತ್ತಾಗಿಬಿಟ್ಟರೆ ಏನು ಮಾಡುವುದು? ಇತಿಹಾಸದ ಮೇಷ್ಟ್ರಾದ ನಾನು ಕಾಲೇಜಿನಿಂದ ಬಂದು, ಅದರ ಹಸಿರು ದೀಪಗಳು ಮಿಣುಕುವುದನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ.

ಆದರೆ ಆ ಪೆಟ್ಟಿಗೆಗೆ ಮನೆಯಲ್ಲಿ ಒಂದು ನಿಜವಾದ ಕೆಲಸ ಬಿತ್ತು. ನನ್ನ ಮಾವನವರು ಕುರುಗೋಡಿನಲ್ಲಿ ಬಯಲಾಟದ ಮಾಸ್ತರಾಗಿದ್ದರು. ಅವರು ಹಾಡಿದರೆ ಹಾರ್ಮೋನಿಯಂ ಹಿಡಿಯುವವರು ಸಿರುಗುಪ್ಪದ ರಾಜಾಸಾಬರೇ ಆಗಬೇಕು. ಒಮ್ಮೆ ಆಟದ ನಡುವೆ ಶ್ರುತಿ ತಪ್ಪಿತು. ಸಾಬರ ಬೆರಳು ಜಾರಿತು ಎಂದು ಮಾವ, ಮಾಸ್ತರ ದನಿ ಹಳಿ ಬಿಟ್ಟಿತು ಎಂದು ಸಾಬರು. ಅವತ್ತು ಬಿಟ್ಟ ಮಾತನ್ನು ಇಬ್ಬರೂ ಮತ್ತೆ ಆಡಲಿಲ್ಲ. ಮಾವ ಹಾಗೆಯೇ ತೀರಿಕೊಂಡರು. ಆಮೇಲೆ ಅವರ ಟ್ರಂಕಿನಲ್ಲಿ ಆ ಆಟದ ಕ್ಯಾಸೆಟ್ಟುಗಳು ಸಿಕ್ಕವು. ನಾನು ಅವನ್ನು ಕಂಪ್ಯೂಟರಿಗೆ ಇಳಿಸಿ ಕೇಳಿಸಿದೆ. ಸಂಗೀತದ ಗಂಧವಿಲ್ಲದ ನನಗೂ ಮಾವನವರ ದನಿ ಒಂದು ದಾರಿ ಹಿಡಿದದ್ದು, ಸಾಬರ ಹಾರ್ಮೋನಿಯಂ ಪೆಟ್ಟಿಗೆ ಇನ್ನೊಂದು ದಾರಿ ಹಿಡಿದದ್ದು ಕೇಳಿಸಿತು. ಸರಿಯಾದ ದಾರಿಯಲ್ಲಿದ್ದದ್ದು ಹಾರ್ಮೋನಿಯಂ.

ಅದೇ ಹೊತ್ತಿಗೆ ರಾಜಾಸಾಬರ ಕಿವಿ ದಿನದಿನಕ್ಕೆ ಮಂದವಾಗುತ್ತಿದೆ, ಇನ್ನು ಹೆಚ್ಚು ಕಾಲ ಕೇಳಿಸದು ಎಂದು ಅವರ ಮಗಳು ಶಂಷಾದ್ ಹೇಳಿದಳು. ನನ್ನ ಹೆಂಡತಿ ಪಾರ್ವತಿ ಅವತ್ತೇ ತೀರ್ಮಾನ ಮಾಡಿದಳು.

"ಕಾಕಾಗ ಕಿವಿ ಇರೋತನಕಾ ಇದು ಮುಟ್ಟಬೇಕ್ರಿ. ತಪ್ಪು ನಮ್ಮಪ್ಪಂದ ಐತಿ. ಕಾಕಾ ತನ್ನ ಕಿವಿಲೇ ಕೇಳಿ ಸಮಾಧಾನ ಆಗ್ಲಿ."

ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಿ.ಡಿ. ಕಳಿಸಿದೆವು. ದಾರಿಯ ಧೂಳಿಗೆ ಗೀರುಬಿದ್ದು, ಅದರಲ್ಲಿ ಮಾವನವರು ಆಡಿನ ಹಾಗೆ ಕೂಗುತ್ತಿದ್ದರಂತೆ. ಇನ್ನೊಂದು ಕಳಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಪಾರ್ವತಿಯೂ ಕೇಳಿದಳು. ಮನೆಯಲ್ಲಿ ರೌಟರ್ ಇಟ್ಟುಕೊಂಡು ಬಸ್ಸಿಗೆ ಕೈ ಅಡ್ಡ ಹಿಡಿಯುವುದೇ? ನಮ್ಮ ಕಂಪ್ಯೂಟರಿನಿಂದ ಶಂಷಾದಳ ಕಂಪ್ಯೂಟರಿಗೆ, ನಡುವೆ ಯಾವ ದಲ್ಲಾಳಿಯೂ ಇಲ್ಲದೆ, ತುಣುಕು ತುಣುಕಾಗಿ ನೇರ ಸಾಗಿಸುತ್ತೇನೆ ಎಂದೆ. ಕಡತವನ್ನು ಕುಗ್ಗಿಸಿ ಸಣ್ಣದು ಮಾಡಬಹುದಿತ್ತು. ಆದರೆ ಶ್ರುತಿಯ ವ್ಯಾಜ್ಯದಲ್ಲಿ ಸಾಕ್ಷಿಯನ್ನು ಹಿಂಡುವುದು ನನಗೆ ಸರಿ ಕಾಣಲಿಲ್ಲ.

ಇಂಥ ಹಂಚಿಕೆಗೆ ರೌಟರಿನಲ್ಲಿ ಪೋರ್ಟ್ ಎಂಬ ಬಾಗಿಲು ತೆರೆಯಬೇಕು. ಬಾಗಿಲು ತೆರೆದರೆ ಕಳ್ಳರೂ ಬರುತ್ತಾರೆ. ಇಲ್ಲಿ ನನ್ನ ಇತಿಹಾಸ ಕೈ ಹಿಡಿಯಿತು. ಕೋಟೆಯ ಹೆಬ್ಬಾಗಿಲಿನಲ್ಲೇ ಒಂದು ಸಣ್ಣ ದಿಡ್ಡಿ ಬಾಗಿಲು ಇರುತ್ತದೆ. ಹೆಬ್ಬಾಗಿಲಿಗೆ ಅಗುಳಿ ಜಡಿದಾಗಲೂ ಒಬ್ಬ ಮನುಷ್ಯ ತಲೆ ತಗ್ಗಿಸಿ ಅಲ್ಲಿ ಒಳಗೆ ಬರಬಹುದು. ತಲೆ ತಗ್ಗಿಸಿದವನ ಕುತ್ತಿಗೆ ಕಾವಲುಗಾರನ ಕತ್ತಿಗೆ ಅನುಕೂಲವಾಗಿರುತ್ತದೆ. ನಾನೂ ಹಾಗೆಯೇ ಮಾಡಿದೆ. ಮೊದಲು ಕಂಪನಿ ಕೊಟ್ಟಿದ್ದ, ಜಗತ್ತಿಗೆಲ್ಲ ಗೊತ್ತಿದ್ದ ಪಾಸ್‌ವರ್ಡ್ ಕಿತ್ತೆಸೆದು ನನಗೇ ನೆನಪಿರದಂಥದ್ದನ್ನು ಇಟ್ಟೆ. ಕೇಳಿದ ಸಾಫ್ಟ್‌ವೇರಿಗೆಲ್ಲ ತಾನಾಗಿ ಬಾಗಿಲು ತೆರೆಯುವ ರೌಟರಿನ ಧಾರಾಳತನವನ್ನು ನಿಲ್ಲಿಸಿದೆ. 52810 ಎಂಬ ಒಂದೇ ಬಾಗಿಲು ತೆರೆದು, ಅದು ನಮ್ಮ ಒಂದೇ ಕಂಪ್ಯೂಟರಿಗೆ ದಾರಿ ಕೊಡುವ ಹಾಗೆ ಮಾಡಿದೆ. ಹಂಚುವ ಫೋಲ್ಡರಿನಲ್ಲಿ ಬಯಲಾಟದ ಹೊರತು ಬೇರೇನನ್ನೂ ಇಡಲಿಲ್ಲ. ಕಡತವನ್ನು ಇಳಿಸಿಕೊಳ್ಳಲು ಬೇಕಾದ ಗುರುತಿನ ಕೊಂಡಿಯನ್ನು ಶಂಷಾದಳಿಗೆ ಮಾತ್ರ ಕಳಿಸಿದೆ. ಕೆಲಸ ಮುಗಿದ ಕೂಡಲೇ ಬಾಗಿಲು ಮುಚ್ಚುವುದು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದೂ ಇಟ್ಟೆ.

ಏನೂ ಹೋಗಲಿಲ್ಲ.

ಕಾರಣ ಕೇಳಿದರೆ ಬಳ್ಳಾರಿಯವರು ನಗುವುದಿಲ್ಲ. ಆಗ ನಮ್ಮಲ್ಲಿ ಮುಚ್ಚಳವಿಲ್ಲದ ವಸ್ತುವೆಲ್ಲ ಸಂಜೆಗೆ ಕೆಂಪಾಗುತ್ತಿತ್ತು. ಸಕ್ಕರೆ, ಚಪ್ಪಲಿ, ದೇವರ ಫೋಟೊ, ಎಲ್ಲಕ್ಕೂ ಒಂದು ಡಬ್ಬಿ ಅಥವಾ ಅರಿವೆ. ನನ್ನ ಬಾಗಿಲಿನ ಕೆಲಸ ಮುಗಿದದ್ದೇ ಪಾರ್ವತಿ ರೌಟರನ್ನೂ ಚಕ್ಕುಲಿಯ ಸ್ಟೀಲ್ ಡಬ್ಬಿಯೊಳಗಿಟ್ಟು, ವೈರಿಗೊಂದು ತೂತು ಹೊಡೆಸಿ, ಬಿಗಿಯಾಗಿ ಮುಚ್ಚಳ ಹಾಕಿದ್ದಳು. ಅದನ್ನು ನೋಡಿ ನಾನು ಭೇಷ್ ಎಂದಿದ್ದೆ. ಸ್ಟೀಲು ಧೂಳಿನ ಜೊತೆಗೆ ವೈಫೈಯನ್ನೂ ತಡೆಯುತ್ತದೆ ಎಂಬುದು ಇತಿಹಾಸದ ಪಠ್ಯದಲ್ಲಿ ಇರಲಿಲ್ಲ. ನಾನು ಒಳಕೋಣೆಯಲ್ಲಿ ಕುಳಿತು ಇಂಟರ್ನೆಟ್ಟಿನವರನ್ನು ಬೈಯುತ್ತಿದ್ದಾಗ ಆಕೆ ಒರೆಸಲೆಂದು ಮುಚ್ಚಳ ತೆಗೆದಳು. ಕಂಪ್ಯೂಟರಿಗೆ ಜೀವ ಬಂತು. ಮುಚ್ಚಳ ಹಾಕಿದಳು, ಹೋಯಿತು. ಕೊನೆಗೆ ಡಬ್ಬಿಯಿಂದ ಹೊರತೆಗೆದು, ಬಿಸಿಗಾಳಿ ಹೊರಹೋಗುವಂತೆ ನನ್ನ ಹಳೆಯ ಪಂಚೆಯ ತೆಳು ತುಂಡನ್ನು ಮೇಲೆ ಹೊದಿಸಿದೆವು. ಸಣ್ಣ ಗದ್ದುಗೆಯಂತೆ ಕಾಣುತ್ತಿತ್ತು; ಮನೆಗೆ ಬಂದ ಒಬ್ಬಾಕೆ ಕೈಮುಗಿದೂ ಹೋದಳು.

ಅಷ್ಟಾದರೂ ಬಯಲಾಟ ಮನೆ ಬಿಟ್ಟು ಕದಲಲಿಲ್ಲ. ಅತ್ತ ಶಂಷಾದ್ ಫೋನಿನಲ್ಲಿ, "ಅಬ್ಬಾ ಈಗ ಅಜಾನೂ ಸರಿಯಾಗಿ ಕೇಳಸವಲ್ದು ಅಂತಾರ್ರಿ ಸರ್, ಜಲ್ದಿ ಮಾಡ್ರಿ" ಎಂದಳು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ರೌಟರಿನ ಪುಟ ತೆರೆದು ನೋಡಿದರೆ ಬಾಗಿಲಿನ ಸಂಖ್ಯೆ 52812 ಆಗಿತ್ತು! ಕಳ್ಳರೇ ಹೊಕ್ಕರೆಂದುಕೊಂಡೆ, ಆಮೇಲೆ ನೆನಪಾಯಿತು. ಹಿಂದಿನ ದಿನ ಕುರುಗೋಡಿನಿಂದ ಭಾವಮೈದುನ ಭೀಮನಗೌಡ ಬಂದಿದ್ದ. ಹೊಸದಾಗಿ ಲಾರಿ ಇಟ್ಟಿದ್ದ ಅವನು ಲಾರಿಯ ನಂಬರು, ಮೊಬೈಲಿನ ನಂಬರು ಎಲ್ಲವೂ ಕೂಡಿಸಿದರೆ ಒಂಬತ್ತು ಬರಬೇಕೆನ್ನುವ ಆಸಾಮಿ. ಆ ಪುಟ ತೆರೆದಿಟ್ಟು ನಾನು ಚಹಾಕ್ಕೆ ಎದ್ದು ಹೋಗಿದ್ದೆ. ಫೋನು ಮಾಡಿದೆ.

"ಹೌದು ಭಾವ, ನಾನ ಸರಿ ಮಾಡೀನಿ. ಕೂಡ್ಸಿದ್ರ ಏಳು ಬರ್ತಿತ್ತು. ಅಪ್ಪನ ದನಿ ಹೋಗೋ ಬಾಗ್ಲಕ್ಕ ಅಂಥಾ ನಂಬರ್ ಇಡ್ತಾರೇನು?"

ರೌಟರು ಒಂದು ಬಾಗಿಲಲ್ಲಿ ಅತಿಥಿಗಳನ್ನು ಕರೆಯುತ್ತಿತ್ತು, ಕಡತ ಹಂಚುವ ಸಾಫ್ಟ್‌ವೇರು ಇನ್ನೊಂದು ಬಾಗಿಲಲ್ಲಿ ಆರತಿ ಹಿಡಿದು ನಿಂತಿತ್ತು. ಹಳೆಯ ಸಂಖ್ಯೆಗೆ ಮರಳೋಣವೆಂದರೆ ಭೀಮನಗೌಡ ಮತ್ತೆ ಬಂದು ನೋಡದೆ ಬಿಡುವವನಲ್ಲ. ಸಾಫ್ಟ್‌ವೇರಿನಲ್ಲೂ 52812 ಎಂದೇ ಬರೆದೆ. ಬಯಲಾಟ ಹೊರಟಿತು! ನಂಬರಿನ ಮಹಿಮೆ ನೋಡಿದಿರಾ ಎಂದು ಅವನು ಕುರುಗೋಡಿನಲ್ಲೆಲ್ಲ ಹೇಳಿಕೊಂಡು ಬಂದ. ಎತ್ತಿನಗಾಡಿಯೇ ವಾಸಿ ಎನ್ನುವ ವೇಗದಲ್ಲಿ, ಕರೆಂಟು ಹೋದಾಗ ದಾರಿಯಲ್ಲಿ ತಂಗಿ, ಬಂದಾಗ ಎದ್ದು ನಡೆದು, ಕಡೆಯ ತುಣುಕೂ ಒಂದು ಮಧ್ಯಾಹ್ನ ಸಿರುಗುಪ್ಪ ಸೇರಿತು. ನಾನು ಕ್ಯಾಲೆಂಡರ್ ನೋಡಿ ವಿಧೇಯನಾಗಿ ಬಾಗಿಲು ಮುಚ್ಚಿದೆ.

ಮರುದಿನ ರಾಜಾಸಾಬರ ಫೋನು ಬಂತು. ಕಿವಿ ಮಂದವಾದವರು ಮಾತಾಡುವಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಪಾರ್ವತಿಯ ಪಕ್ಕದಲ್ಲಿದ್ದ ನನಗೂ ಪ್ರತಿ ಮಾತು ಕೇಳಿಸಿತು.

"ಯವ್ವಾ, ಪೂರಾ ಕೇಳಿದೆ. ಆ ಜಾಗ ಎರಡು ಸಲ ಹಚ್ಚಿ ಕೇಳಿದೆ. ತಪ್ಪು ನಂದ ಐತವ್ವ, ನನ್ನ ಬಳ್ಳು ಜಾರ್ಯಾವ. ನಿಮ್ಮಪ್ಪ ಬರೋಬ್ಬರಿ ಹಾಡ್ಯಾನ."

ಪಾರ್ವತಿ "ಹೂಂ ಕಾಕಾ" ಎಂದಷ್ಟೇ ಹೇಳಿ ಫೋನು ಇಟ್ಟಳು. ನನಗೆ ಬಹಳ ಬೇಸರವಾಯಿತು. ಇಷ್ಟೆಲ್ಲ ಪರದಾಡಿಯೂ ತಡವಾಯಿತಲ್ಲ ಎನ್ನಿಸಿತು.

"ಪಾಪ, ಕಿವಿ ಪೂರಾ ಹೋಗ್ಯಾವ ನೋಡು" ಎಂದೆ.

ಪಾರ್ವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಲ್ರಿ" ಎಂದಳು, "ಕಾಕಾನ ಕಿವಿ ಚಲೋನ ಅದಾವು."