ಹಳಿ ಕಾಯುವವನ ನಿದ್ದೆ ಕಾಯುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾರವಾಡ ಸ್ಟೇಷನ್ನಿನಿಂದ ಅಂಕೋಲೆಯ ಕಡೆ ಹೋಗುವ ರೈಲು ಹಳಿ ಗುಡ್ಡವನ್ನು ಎರಡು ಹೋಳು ಮಾಡಿ ನುಗ್ಗುವ ಜಾಗದಲ್ಲಿ ದೇವಿದಾಸ ನಾಯ್ಕ ನಿಂತಿದ್ದಾರೆ. ರೇನ್‌ಕೋಟಿನ ತುದಿಯಿಂದ ನೀರು ಅವರ ಬೂಟಿನೊಳಕ್ಕೇ ಇಳಿಯುತ್ತಿದೆ. ಎದುರಿನ ತಿರುವಿನಲ್ಲಿ ಇಷ್ಟು ಹೊತ್ತಿಗೆ ಒಂದು ದೀಪ ಕಾಣಿಸಬೇಕು. ಕಾಣಿಸುತ್ತಿಲ್ಲ.

ಅವರು ಕೈದೀಪವನ್ನು ಎಡಗೈಗೆ ಬದಲಿಸುತ್ತಾರೆ, ಬಲಗೈ ಸೊಂಟದ ಚೀಲದ ಮೇಲೆ ಹೋಗುತ್ತದೆ. ಅದರಲ್ಲಿ ಹಳಿಯ ಮೇಲೆ ಕಟ್ಟುವ ಪಟಾಕಿಗಳಿವೆ. ಮುಂದೆ ಹಳಿಗೆ ಕಲ್ಲೋ ಮರವೋ ಬಿದ್ದಿದ್ದರೆ ದೂರದಲ್ಲೇ ಇವನ್ನು ಕಟ್ಟಬೇಕು. ಗಾಲಿ ಹತ್ತಿದ ಕೂಡಲೇ ಅವು ಸಿಡಿಯುತ್ತವೆ, ಚಾಲಕ ಬ್ರೇಕು ಹಾಕುತ್ತಾನೆ. ಗುಡ್ಡದ ಗೋಡೆಯ ಮೇಲಿಂದ ಕೆಂಪು ನೀರು ಇಳಿಯುತ್ತಿದೆ. ಒಂದು ಚಿಕ್ಕ ಕಲ್ಲು ಉರುಳಿ ಬಂದು ಚರಂಡಿಗೆ ಬೀಳುತ್ತದೆ. ಸದ್ದು ಮುಗಿದ ಮೇಲೂ ದೇವಿದಾಸರ ಕುತ್ತಿಗೆ ಅತ್ತ ಕಡೆಯೇ ತಿರುಗಿರುತ್ತದೆ.

ಕೊನೆಗೆ ದೀಪ ಬರುತ್ತದೆ. ಅಂಕೋಲೆಯ ಕಡೆಯಿಂದ ನಡೆದು ಬರುವ ಕಾವಲುಗಾರ ಮಾಬ್ಲೇಶ್ವರ, ಮುರಿದ ಕೊಡೆಯೊಂದನ್ನು ಬೈಯುತ್ತ ಬರುತ್ತಾರೆ.

"ಎಂತದು, ನಾ ಸತ್ತೆ ಹೇಳಿ ಎಣ್ಸಿದ್ಯಾ?"

"ನೀ ಸತ್ರೆ ಯೋಚ್ನೆ ಇಲ್ಲ ಮಾರಾಯಾ. ನಿನ್ನ ಮೇಲೆ ಬಿದ್ದ ಗುಡ್ಡ ಹಳಿ ಮೇಲೂ ಬಿದ್ದಿರ್ತದೆ ಅಲ್ಲಾ, ಅದು ಹೆದ್ರಿಕೆ."

ಇಬ್ಬರೂ ಹಿತ್ತಾಳೆಯ ಬಿಲ್ಲೆ ಬದಲಿಸಿಕೊಳ್ಳುತ್ತಾರೆ. ಇವನು ಅಲ್ಲಿಯವರೆಗೆ ನಡೆದ, ಅವನು ಇಲ್ಲಿಯವರೆಗೆ ನಡೆದ ಎಂಬುದಕ್ಕೆ ಅದೇ ಸಾಕ್ಷಿ. ಮಳೆಗಾಲದ ಪ್ರತಿ ರಾತ್ರಿ ಹೀಗೆ ಹಲವು ಸಲ ಬಿಲ್ಲೆಗಳು ಕೈ ಬದಲಾಗುತ್ತವೆ. ಅವುಗಳ ನಡುವೆ ಗೋವಾದ ಕಡೆಗೂ ಮಂಗಳೂರಿನ ಕಡೆಗೂ ರೈಲುಗಳು ಹೋಗುತ್ತವೆ. ಒಳಗೆ ಮಲಗಿರುವವರಿಗೆ ಹೊರಗೊಂದು ದೀಪ ಹಿಂದೆ ಸರಿದದ್ದು ಗೊತ್ತಾಗುವುದಿಲ್ಲ.

ದೇವಿದಾಸ ಈ ಕೆಲಸಕ್ಕೆ ಬಂದು ಎಂಟು ಮಳೆಗಾಲ ಆಯಿತು. ಅದಕ್ಕೂ ಮುಂಚೆ ತಮ್ಮೂರು ಅವರ್ಸಾದಲ್ಲಿ ಅಣ್ಣನ ಗದ್ದೆಯಲ್ಲಿ ದುಡಿಯುತ್ತಿದ್ದರು. ಚೀಲದ ಪಟಾಕಿಯನ್ನು ನಿಜವಾಗಿ ಕಟ್ಟಿದ್ದು ಒಂದೇ ಸಲ, ಮತ್ತಿಮರವೊಂದು ಹಳಿಗೆ ಅಡ್ಡಬಿದ್ದಾಗ. ಆ ರಾತ್ರಿಯ ಬಗ್ಗೆ ಕೇಳಿದರೆ "ಓಡ್ದೆ, ಕಟ್ದೆ, ನಿಂತ್ತು" ಎಂದು ಮೂರು ಮಾತಿನಲ್ಲಿ ಮುಗಿಸುತ್ತಾರೆ. ಅವರ ಹೆದರಿಕೆ ಬೇರೆಯದು.

"ಕಲ್ಲು ಬಿದ್ರೆ ಕಾಣ್ತದೆ. ಹಾವು ಬಂದ್ರೂ ಕಾಣ್ತದೆ. ನಿದ್ದೆ ಬಂದ್ರೆ ಕಾಣೂದಿಲ್ಲ. ಇಷ್ಟು ವರ್ಷ ಬರ್ಲಿಲ್ಲ, ದೇವ್ರು ದೊಡ್ಡವ. ಆದ್ರೆ ನಡೀತಾ ನಡೀತಾ ಬಂದ್ಬಿಟ್ರೆ? ಬಂದದ್ದು ನಂಗೇ ಗೊತ್ತಾಗೂದಿಲ್ಲ ಅಲ್ಲಾ?"

ಆದ್ದರಿಂದ ಅವರ ಕೆಲಸದ ಅರ್ಧ ಭಾಗ ನಡೆಯುವುದು ಹಗಲಿನಲ್ಲಿ, ಮನೆಯ ಮಂಚದ ಮೇಲೆ. ಆ ಅರ್ಧವನ್ನು ನೋಡಿಕೊಳ್ಳುವವರು ಅವರ ಹೆಂಡತಿ ಗಂಗೂ.

ಅವರ್ಸಾದ ಈ ಓಣಿಯಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಬಂದ ದೇವಿದಾಸ ಕೈದೀಪವನ್ನು ಜಗಲಿಯ ಮೊಳೆಗೆ ತೂಗುಹಾಕಿದರೆಂದರೆ ಓಣಿ ದನಿ ತಗ್ಗಿಸುತ್ತದೆ. ಮೀನು ಮಾರುವ ಕಾಮಿ ಆ ದೀಪ ಕಂಡ ಕೂಡಲೇ ಕೂಗು ನಿಲ್ಲಿಸಿ, ಬುಟ್ಟಿ ಹೊತ್ತು ಬಾಯಿ ಮುಚ್ಚಿಕೊಂಡು ದಾಟುತ್ತಾಳೆ. ಎದುರು ಮನೆಯ ತಿಮ್ಮಿ ಬಟ್ಟೆ ಒಗೆಯುವುದನ್ನು ಸಂಜೆಗೆ ದೂಡುತ್ತಾಳೆ. ಹೊರಗಿನವರು ಯಾರೇ ಬಂದು ದೇವಿದಾಸ ಇದ್ದಾರಾ ಎಂದರೆ ಉತ್ತರ ಒಂದೇ: ಇಲ್ಲ.

"ಇದ್ದಾರೆ ಅಂದ್ರೆ ಒಂದ್ನಿಮಿಷ ಎಬ್ಬಿಸಿ ಹೇಳ್ತಾರೆ" ಎನ್ನುತ್ತಾರೆ ಗಂಗೂ. "ಎಲ್ರದ್ದೂ ಒಂದೊಂದೇ ನಿಮಿಷ. ರಾತ್ರಿ ಲೆಕ್ಕ ಕೊಡೂದು ಯಾರು? ಅದ್ಕೇ ಇಲ್ಲ ಹೇಳೂದು. ಸುಳ್ಳಲ್ಲ ಅದು. ನಿದ್ದೆಯಲ್ಲಿದ್ದವ ಇಲ್ಲಿದ್ದ ಹಾಗಾಯ್ತಾ?"

ಜನರ ದನಿ ತಗ್ಗಿಸಬಹುದು. ಮಳೆಯದ್ದು ಆಗುವುದಿಲ್ಲ. ಮಲಗುವ ಕೋಣೆಗೆ ತಗಡಿನ ಸೂರು. ನಾಲ್ಕು ಹನಿ ಬಿದ್ದರೂ ದೇವಿದಾಸ ಮಂಚದಲ್ಲಿ ಎದ್ದು ಕೂತು, ಕಣ್ಣು ಬಿಡುವ ಮೊದಲೇ ಕೈಯಲ್ಲಿ ದೀಪ ಹುಡುಕುತ್ತಾರೆ. ಅವರ ಕಿವಿಗೆ ಮಳೆ ಎಂದರೆ ಗುಡ್ಡ. ಇದಕ್ಕೆ ಮನೆಯವರು ಕಂಡುಕೊಂಡ ಮದ್ದು ಹಳೆಯ ಟೇಬಲ್ ಫ್ಯಾನು. ಅದು ಗರಗರ ತಿರುಗುತ್ತಿದ್ದರೆ ಮಳೆಯ ಸದ್ದು ಅದರೊಳಗೆ ಮುಳುಗುತ್ತದೆ. ಆದರೆ ಮಳೆ ಜೋರಾದ ಕೂಡಲೇ ಇಲ್ಲಿ ಹೋಗುವುದು ಕರೆಂಟು.

"ಕದ್ರಾ ಡ್ಯಾಮಲ್ಲಿ ಹುಟ್ತದಂತೆ ಕರೆಂಟು. ನಮ್ಮ ಓಣಿಗೆ ಬರೂದ್ರೊಳಗೆ ಸುಸ್ತಾಗಿ ಕೂತ್ಬಿಡ್ತದೆ" ಎನ್ನುತ್ತಾಳೆ ತಿಮ್ಮಿ.

ಫ್ಯಾನು ನಿಂತ ಕೂಡಲೇ ಗಂಗೂ ಕೋಣೆಯ ಮೂಲೆಯ ಹೊಲಿಗೆ ಮಷಿನಿಗೆ ಕೂರುತ್ತಾರೆ. ಸೂಜಿಗೆ ನೂಲಿಲ್ಲ, ಕೆಳಗೆ ಬಟ್ಟೆಯೂ ಇಲ್ಲ. ಕಾಲು ಮಾತ್ರ ತುಳಿಯುತ್ತದೆ, ಬೇಕಾದದ್ದು ಅದರ ಸದ್ದು. ಕರೆಂಟು ಬರುವವರೆಗೆ, ಕೆಲವು ದಿನ ಇಡೀ ಮಧ್ಯಾಹ್ನ, ಖಾಲಿ ಮಷಿನು ಓಡುತ್ತದೆ. ರಾತ್ರಿ ಹೊತ್ತಿಗೆ ಗಂಗೂ ಅವರ ಮೊಣಕಾಲು ಬಾತಿರುತ್ತದೆ. ಕಾಲು ಎಷ್ಟು ವರ್ಷ ಹೀಗೆ ನಡೆದೀತು ಎಂದು ದೇವಿದಾಸರು ಯೋಚಿಸಿದ್ದರಿಂದಲೇ ಕ್ರೆಡಿಟ್ ಕಾರ್ಡಿನ ಮಾತು ಈ ಮನೆಗೆ ಬಂತು.

ಕಳೆದ ಏಪ್ರಿಲ್‌ನಲ್ಲಿ ಅವರು ಕಾರವಾರಕ್ಕೆ ಹೋಗಿ, ಕರೆಂಟು ಹೋದರೂ ಫ್ಯಾನು ತಿರುಗಿಸುವ ಇನ್ವರ್ಟರ್ ವಿಚಾರಿಸಿದರು. ಒಟ್ಟಿಗೆ ಕೊಡುವಷ್ಟು ದುಡ್ಡು ಇರಲಿಲ್ಲ. ಕಾರ್ಡಿದ್ದರೆ ತಿಂಗಳು ತಿಂಗಳು ಕಟ್ಟಬಹುದು ಎಂದ ಅಂಗಡಿಯವನು, ಬಾಗಿಲಲ್ಲೇ ಮೇಜು ಹಾಕಿ ಕೂತಿದ್ದ ಬ್ಯಾಂಕಿನ ಏಜೆಂಟನನ್ನು ತೋರಿಸಿದ. ಸರ್ಕಾರಿ ಸಂಬಳ ಎಂದು ಕೇಳಿದ್ದೇ ಏಜೆಂಟನ ಮುಖ ಅರಳಿತು. ಮೇ ಕೊನೆಯಲ್ಲಿ ಕಾಗದ ಬಂತು: ಅಭಿನಂದನೆಗಳು, ನಿಮ್ಮ ಕಾರ್ಡು ಮಂಜೂರಾಗಿದೆ. ಗಂಗೂ ಅದನ್ನು ದೇವರ ಮುಂದಿಟ್ಟರು. ಇನ್ವರ್ಟರ್ ಇಡಲು ಅಕ್ಕಿ ಡಬ್ಬಿ ಸರಿಸಿ ಮೂಲೆ ಖಾಲಿ ಮಾಡಿದರು. ಕಾರ್ಡು ಕಳಿಸುವ ಮೊದಲು ವಿಳಾಸ ಪರಿಶೀಲಿಸಲಾಗುವುದು ಎಂಬ ಕೆಳಗಿನ ಸಣ್ಣ ಅಕ್ಷರಗಳನ್ನು ಯಾರೂ ಓದಲಿಲ್ಲ.

ಜೂನ್ ಮಧ್ಯದಲ್ಲಿ ಬ್ಯಾಂಕಿನ ಪರವಾಗಿ ಒಬ್ಬರು ಬೈಕಿನಲ್ಲಿ ಬಂದರು. ಜಗಲಿಯಲ್ಲಿ ದೀಪ ತೂಗುತ್ತಿತ್ತು. ಬಾವಿಕಟ್ಟೆಯಲ್ಲಿದ್ದ ಗಂಗೂ, ಯಾರು ಏನು ಎಂದು ಕೇಳದೆ, ಎಂಟು ವರ್ಷದ ರೂಢಿಯಂತೆ ಇಲ್ಲ ಎಂದರು. ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗೆ ಗೊತ್ತಿಲ್ಲ ಎಂದರು. ನಿಯಮದಂತೆ ನೆರೆಯವರನ್ನು ಕೇಳಲು ಆತ ಎದುರು ಮನೆಗೆ ಹೋದರು. ತಿಮ್ಮಿ ಒಂದು ಹೆಜ್ಜೆ ಮುಂದೆ ಹೋದಳು.

"ನಾ ಹೇಳ್ದೆ, ಯಾವ ದೇವಿದಾಸ? ಅಂಥವ್ರು ಇಲ್ಲಿ ಯಾರೂ ಇಲ್ಲ ಹೇಳಿ" ಎಂದು ಈಗ ತಲೆ ಚಚ್ಚಿಕೊಳ್ಳುತ್ತಾಳೆ. "ಎಲ್‌ಐಸಿಯವ ಹೇಳಿ ಎಣ್ಸಿದ್ದೆ ನಾ. ಅಷ್ಟೊತ್ತಿಗೆ ಈ ಕಾಮಿ ಬೇರೆ ಬಂತು. 'ನಾ ದಿನಾ ಮೀನು ಕೊಡೂ ಓಣಿ, ಅಂಥವ ಇದ್ರೆ ನಂಗೆ ಗೊತ್ತಿಲ್ವಾ' ಹೇಳ್ತು! ಅವ್ಳಿಗೆ ಯಾರು ಕೇಳಿದ್ರು?"

ಜುಲೈ ಆರಂಭದಲ್ಲಿ ಎರಡನೆಯ ಕಾಗದ. ವಿಷಾದಿಸುತ್ತೇವೆ. ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲವೆಂದು ತಿಳಿದುಬಂದಿರುವುದರಿಂದ ಮಂಜೂರಾತಿಯನ್ನು ಹಿಂಪಡೆಯಲಾಗಿದೆ.

ಗಂಗೂ ಅತ್ತರು. ತಿಮ್ಮಿ ಎರಡು ದಿನ ಮುಖ ತೋರಿಸಲಿಲ್ಲ. ದೇವಿದಾಸ ಯಾರನ್ನೂ ಬೈಯಲಿಲ್ಲ. ಆದರೆ ಅಂದಿನಿಂದ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ಕಾರ್ಡು ಹೋದದ್ದಕ್ಕಲ್ಲ.

"ನಾ ಸ್ವಂತ ಮನೆಯಲ್ಲಿ ಇಲ್ಲ ಹೇಳಿ ಕಾಗದ ಆಯ್ತಲ್ಲಾ" ಎನ್ನುತ್ತಾರೆ, ಬೂಟು ಕಳಚುತ್ತ. ಮಾತು ಪಿಸುದನಿಗೆ ಇಳಿಯುತ್ತದೆ. "ನಾಳೆ ಹಳಿ ಮೇಲೆ ಎಂತಾದ್ರೂ ಆಯ್ತು ಹೇಳಿ ಇಟ್ಕೊಳ್ಳಿ. ಗಂಗೂ ರೈಲ್ವೆ ಆಫೀಸಿಗೆ ಹೋಗಿ, ಅವ್ರು ನನ್ನ ಗಂಡ ಹೇಳಿ ಹೇಳ್ತದೆ. ಅವ್ರು ಈ ಕಾಗದ ತೆಗ್ದು, ಅಂಥವ ಆ ಮನೆಯಲ್ಲಿ ಇರ್ಲೇ ಇಲ್ಲ ಹೇಳಿದ್ರೆ? ಬ್ಯಾಂಕಿನ ಕಾಗದ ರೈಲ್ವೆಗೆ ಹೋಗೂದಿಲ್ಲ ಹೇಳ್ತಾರೆ ಎಲ್ರೂ. ನಂಗೂ ಗೊತ್ತುಂಟು. ಆದ್ರೂ ಕತ್ತಲಲ್ಲಿ ನಡೀತಾ ಇದ್ದಾಗ ಅದೇ ಬರ್ತದೆ ತಲೇಲಿ."

ಕಾರವಾರದ ಶಾಖೆಗೆ ಹೋಗಿ ಬೇಡಿಕೊಂಡದ್ದಕ್ಕೆ ಮತ್ತೊಮ್ಮೆ ಪರಿಶೀಲನೆಗೆ ಒಪ್ಪಿದ್ದಾರೆ. ಈ ವಾರ ಯಾವತ್ತಾದರೂ, ಹಗಲು ಹೊತ್ತಿನಲ್ಲಿ ಬರುತ್ತಾರೆ. ಮತ್ತೊಂದು ಅವಕಾಶ ಇಲ್ಲ.

ಓಣಿಗೆ ಈಗ ದಿಗಿಲು. ಬೈಕಿನ ಸದ್ದು ಕೇಳಿದರೆ ತಿಮ್ಮಿ ಹೊರಗೆ ಓಡುತ್ತಾಳೆ. ಮೊನ್ನೆ ಗ್ಯಾಸಿನವನಿಗೂ "ಇದ್ದಾರೆ, ಇದ್ದಾರೆ, ಹುಟ್ಟಿದಾಗಿಂದ ಇಲ್ಲೇ ಇದ್ದಾರೆ" ಎಂದು ಕೂಗಿದ್ದಾಳೆ.

ದೇವಿದಾಸ ದೀಪ ತೂಗುಹಾಕಿ, ಗಂಜಿ ಉಂಡು ಮಲಗುತ್ತಾರೆ. ನಿನ್ನೆಯ ರಾತ್ರಿ ಕೆಟ್ಟದ್ದಾಗಿತ್ತು. ಗುಡ್ಡದಿಂದ ಎರಡು ಕಡೆ ಮಣ್ಣು ಜಾರಿ ಹಳಿಯ ಹತ್ತಿರಕ್ಕೆ ಬಂದಿದೆ. ಇವತ್ತಿನ ರಾತ್ರಿ ಇನ್ನೂ ಜೋರು ಎಂದು ರೇಡಿಯೋ ಹೇಳಿದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕರೆಂಟು ಹೋಗುತ್ತದೆ. ಸದ್ಯ ಮಳೆ ಬಿಟ್ಟಿದೆ. ಮಷಿನಿಗೆ ಕೂರದೆ ಗಂಗೂ ಹೊಸ್ತಿಲಲ್ಲಿ ಕೂತು ಆಕಾಶ ನೋಡುತ್ತಿದ್ದಾರೆ. ಆಗ ಓಣಿಯ ತುದಿಯಲ್ಲಿ ಬೈಕು ನಿಲ್ಲುತ್ತದೆ.

ಬಂದವರು ಸಾಯಿನಾಥ, ನಲವತ್ತು ದಾಟಿದವರು, ಹಿಂದಿನ ಸಲ ಬಂದಿದ್ದವರೇ. ಪ್ಲಾಸ್ಟಿಕ್ ಚೀಲದಿಂದ ಫಾರಂ ತೆಗೆದು, ಈ ಸಲ ಅನುಮಾನದಿಂದಲೇ ಕೇಳುತ್ತಾರೆ.

"ದೇವಿದಾಸ ನಾಯ್ಕ?"

ಗಂಗೂ ಅವರ ತುಟಿ ಒಮ್ಮೆ ಅಲ್ಲಾಡಿ ನಿಲ್ಲುತ್ತದೆ. ಎಂಟು ವರ್ಷದ ಮಾತು ಬಾಯಿಯ ತುದಿಯವರೆಗೆ ಬಂದದ್ದು ಕಾಣುತ್ತದೆ.

"ಇದ್ದಾರೆ."

"ಕರೀರಿ. ಒಂದ್ನಿಮಿಷ. ಇಲ್ಲೊಂದು ಸಹಿ ಬೇಕು."

ಎದುರು ಮನೆಯ ಬಾಗಿಲಲ್ಲಿ ತಿಮ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ. ಗಂಗೂ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟು, ಕಿಟಕಿಯ ಹತ್ತಿರ ನಿಂತುಬಿಡುತ್ತಾರೆ. ಒಳಗೆ ಗೊರಕೆ ಈಗಷ್ಟೇ ಹದಕ್ಕೆ ಬಂದಿದೆ. ಒಮ್ಮೆ ಎದ್ದರೆ ಆ ಮನುಷ್ಯ ಮತ್ತೆ ಮಲಗುವುದಿಲ್ಲ, ಮಣ್ಣು ಜಾರಿದ ಆ ಎರಡು ಜಾಗವನ್ನು ನೆನೆಯುತ್ತ ಕೂರುತ್ತಾರೆ. ಸಂಜೆ ನಿದ್ದೆಯಿಲ್ಲದೆ ಹಾಗೇ ಕೆಲಸಕ್ಕೆ ಹೋಗುತ್ತಾರೆ.

"ನೋಡಿ ಬನ್ನಿ" ಎಂದು ಗಂಗೂ ಸಾಯಿನಾಥರನ್ನು ಕಿಟಕಿಗೆ ಕರೆಯುತ್ತಾರೆ. "ಅವ್ರೇ ಅದು. ಫೋಟೋ ಉಂಟಲ್ಲಾ ನಿಮ್ಮ ಹತ್ರ, ತಾಳೆ ನೋಡಿ. ಎಬ್ಸೂಕೆ ಮಾತ್ರ ಆಗೂದಿಲ್ಲ."

"ಅಕ್ಕೋರೆ, ಸಹಿ ಇಲ್ದೆ ಹ್ಯಾಂಗೆ? ಇದು ಕಡೇ ಸಲ. ನಾ ಐದಕ್ಕೆ ಕಾರವಾರದಲ್ಲಿ ಇದ್ನ ಕೊಡ್ಬೇಕು."

"ಗೊತ್ತುಂಟು. ರಾತ್ರಿ ಅವ್ರು ಹಳಿ ಮೇಲೆ ನಡೀಬೇಕು. ನಿಮ್ಮ ಮನೆಯವ್ರು ಯಾರಾದ್ರೂ ರೈಲಲ್ಲಿ ಹೋಗ್ತಿರ್ತಾರೆ ಅಲ್ಲಾ?"

ಸಾಯಿನಾಥ ಫೋಟೋ ನೋಡುತ್ತಾರೆ, ಮಂಚ ನೋಡುತ್ತಾರೆ. ಜಗಲಿಯ ದೀಪವನ್ನೂ ಈಗ ಮೊದಲ ಬಾರಿಗೆ ನೋಡುತ್ತಾರೆ. ಆಮೇಲೆ ಅವರು ಮಾತಾಡಿದ್ದೆಲ್ಲ ಪಿಸುದನಿಯಲ್ಲಿ. ಫಾರಮಿನಲ್ಲಿ ಏನೋ ಬರೆದು ಮಡಚುತ್ತಾರೆ.

"ಎಂತ ಬರದ್ರಿ?"

"ಇದ್ದಾರೆ, ಕಣ್ಣಾರೆ ಕಂಡೆ ಹೇಳಿ ಬರದೆ. ಸಹಿ ಆಗ್ಲಿಲ್ಲ ಹೇಳಿಯೂ ಬರದೆ. ಕಾರ್ಡು ಬರೂದು ಕಷ್ಟ ಅಕ್ಕೋರೆ. ಮತ್ತೆ ನಂಗೆ ಬೈಬೇಡಿ."

ಗಂಗೂ ಉತ್ತರಿಸುವ ಮೊದಲೇ ತಗಡಿನ ಮೇಲೆ ನಾಲ್ಕು ಹನಿ ಟಪಟಪ ಬೀಳುತ್ತವೆ. ಒಳಗೆ ಗೊರಕೆ ತಡವರಿಸುತ್ತದೆ. ಗಂಗೂ ಸೆರಗು ಸಿಕ್ಕಿಸಿ ಒಳಗೆ ಓಡುತ್ತಾರೆ. ಮಷಿನು ಶುರುವಾಗುತ್ತದೆ. ಹೊರಗೆ ಸಾಯಿನಾಥ ಬೈಕು ಚಾಲೂ ಮಾಡದೆ, ನೆನೆಯುತ್ತ, ಅದನ್ನು ಓಣಿಯ ಉದ್ದಕ್ಕೂ ತಳ್ಳಿಕೊಂಡು ಹೋಗುತ್ತಾರೆ.

ಆ ಮಳೆ ನಿಂತದ್ದು ನಾಲ್ಕರ ನಂತರ. ಅಲ್ಲಿಯವರೆಗೆ ಕರೆಂಟು ಬರಲಿಲ್ಲ, ಮಷಿನೂ ನಿಲ್ಲಲಿಲ್ಲ.

ಸಂಜೆ ದೇವಿದಾಸ ಎದ್ದು, ಚಹ ಕುಡಿಯುತ್ತ ಬ್ಯಾಂಕಿನವರು ಬಂದು ಹೋದದ್ದನ್ನು ಕೇಳಿಸಿಕೊಳ್ಳುತ್ತಾರೆ. ಸಹಿಯ ಬಗ್ಗೆ ಏನೂ ಕೇಳುವುದಿಲ್ಲ. ಇನ್ವರ್ಟರಿಗೆಂದು ಖಾಲಿ ಮಾಡಿದ ಮೂಲೆಗೆ ಗಂಗೂ ಅಕ್ಕಿ ಡಬ್ಬಿ ಮರಳಿ ತಳ್ಳುವುದನ್ನು ನೋಡುತ್ತಾರೆ. ಆಕೆ ಕುಂಟುತ್ತಿದ್ದಾರೆ.

"ಇದ್ದಾನೆ ಹೇಳಿ ಬರದ್ರಾ?"

"ಬರದ್ರು. ಕಣ್ಣಾರೆ ಕಂಡೆ ಹೇಳಿ."

"ಸಾಕು ಹಾಗಾದ್ರೆ."

ಜಗಲಿಯ ಮೊಳೆಯಿಂದ ದೀಪ ಇಳಿಸುತ್ತಾರೆ. ಓಣಿ ಮೆಲ್ಲಗೆ ದನಿ ಪಡೆಯುತ್ತದೆ. ತಿಮ್ಮಿಯ ಒಗೆಯುವ ಕಲ್ಲಿನ ಸದ್ದು ಶುರುವಾಗುತ್ತದೆ. ಹಾರವಾಡದ ಕಡೆ ಆಕಾಶ ಮತ್ತೆ ಕಪ್ಪಾಗಿದೆ. ದೇವಿದಾಸ ಅಂಗಳಕ್ಕೆ ಕಾಲಿಟ್ಟವರು, ಹಿಮ್ಮಡಿ ಮುಳುಗುವಷ್ಟು ನಿಂತ ನೀರನ್ನು ಕಂಡು ನಿಲ್ಲುತ್ತಾರೆ.

"ಮಳೆ ಬಂದಿತ್ತಾ?" ಎಂದು ಹಿಂತಿರುಗಿ ಕೇಳುತ್ತಾರೆ. "ನಂಗೆ ಗೊತ್ತೇ ಆಗ್ಲಿಲ್ಲ."