ಮೂರನೆಯವರನ್ನೂ ಕೇಳಿದೆ

ಉಪಗ್ರಹದೊಳಗೆ ಕೂರುವ ಚಿಪ್‌ಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಕೊಳ್ಳೇಗಾಲದಲ್ಲಿ ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಮಾಡುತ್ತೇನೆ. ಕೆಳಗೆ ಮಗ್ಗದ ಸದ್ದು, ಮೇಲೆ ನಾನು. ಬಾಹ್ಯಾಕಾಶದ ವಿಕಿರಣ ತಾಗಿದರೆ ಚಿಪ್‌ನ ಲೆಕ್ಕ ಇದ್ದಕ್ಕಿದ್ದಂತೆ ತಪ್ಪಿಬಿಡುತ್ತದೆ. ಅಲ್ಲಿಗೆ ಹೋಗಿ ರಿಪೇರಿ ಮಾಡುವವರಿಲ್ಲ. ಅದಕ್ಕೇ ಒಂದೇ ಲೆಕ್ಕವನ್ನು ಮೂರು ಸರ್ಕ್ಯೂಟ್‌ಗಳಿಗೆ ಕೊಟ್ಟು, ಎರಡು ಒಪ್ಪಿದ ಉತ್ತರವನ್ನು ನಂಬುತ್ತೇವೆ.

ಆ ದಿನ ಬೆಳಿಗ್ಗೆ ಮೇಲಧಿಕಾರಿಯ ಮೇಲ್ ಬಂದಿತ್ತು. ಕರೆಂಟ್ ಜಾಸ್ತಿ ತಿನ್ನುತ್ತಿದೆ, ಮೂರನೆಯದನ್ನು ತೆಗೆಯಿರಿ ಎಂದು. ಉಳಿದ ಎರಡು ಬೇರೆ ಬೇರೆ ಉತ್ತರ ಕೊಟ್ಟರೆ ಯಾವುದನ್ನು ನಂಬುವುದು? ತಲೆ ಕೆಟ್ಟು ಲ್ಯಾಪ್‌ಟಾಪ್ ಮುಚ್ಚಿ, ಯಳಂದೂರಿನ ಕಡೆ ಸುತ್ತಾಡಿ ಬರೋಣವೆಂದು ಬಸ್ ನಿಲ್ದಾಣಕ್ಕೆ ಹೋದೆ.

ಅಲ್ಲಿ ಅಜ್ಜಿಯೊಬ್ಬರು ಎದುರಿಗಿದ್ದ ಬಸ್ ಹನೂರಿಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿದರು. ಹೂ ಮಾರುವವಳನ್ನೂ ಕೇಳಿದರು. ಇಬ್ಬರೂ ಹೌದೆಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವ್ವಾ, ಇದು ಅನೂರ್‌ಗೆ ಓಯ್ತದಾ?"

"ಇಬ್ಬರು ಹೇಳಿದರಲ್ಲ ಅಜ್ಜಿ" ಎಂದು ಸಿಡುಕಿದೆ.

"ನಿನ್ ಬಾಯಲ್ಲೂ ಒಂದ್ಸಲ ಏಳವ್ವ."

"ಹೋಗುತ್ತೆ, ಹತ್ತಿ" ಎಂದೆ. ಎಷ್ಟೋ ದಿನದಿಂದ ಎದುರಿಗಿದ್ದವರ ಜೊತೆ ನಾನು ಮಾತೇ ಆಡಿರಲಿಲ್ಲ.

ಅಜ್ಜಿಯ ಬಸ್ ಹೋಯಿತು, ನನ್ನದು ಬಂತು. ಬೋರ್ಡಿನಲ್ಲಿ ಯಳಂದೂರು ಎಂದು ದೊಡ್ಡದಾಗಿ ಬರೆದಿತ್ತು. ಆದರೂ ಕಂಡಕ್ಟರನ್ನು ಕೇಳಿದೆ, ಬಾಗಿಲಲ್ಲಿ ನಿಂತವರನ್ನು ಕೇಳಿದೆ. ಒಳಗೆ ಹೋಗಿ, ಕಿಟಕಿ ಪಕ್ಕ ಕೂತಿದ್ದ ಹೆಂಗಸನ್ನೂ ಕೇಳಿದೆ.

"ಓಯ್ತದೆ, ಬಾರವ್ವ, ಕೂತ್ಕೊ" ಎಂದು ಆಕೆ ಸರಿದು ಜಾಗ ಮಾಡಿಕೊಟ್ಟರು.