ಸಿಡಿಲಿಗೆ ಇಬ್ಬರು ಅಣ್ಣಂದಿರು

ದರ್ಜಿಯ ತಮ್ಮನ ಬೆನ್ನು ಎಷ್ಟು ಅಗಲವಿತ್ತೆಂದರೆ, ಅಳತೆ ತೆಗೆಯಲು ಎಡ ಹೆಗಲಿನಿಂದ ಟೇಪು ಹಿಡಿದು ಹೊರಟ ಅಣ್ಣ ಬಲ ಹೆಗಲು ಮುಟ್ಟುವ ಮೊದಲು ದಾರಿಯಲ್ಲಿ ಕೂತು ಒಂದು ಲೋಟ ಟೀ ಕುಡಿಯುತ್ತಿದ್ದ. ಇದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಅರ್ಧ ಲೋಟವೇ ಇದ್ದೀತು.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಹೋದಾಗ ತಮ್ಮನಿಗೆ ಆರು, ಅಣ್ಣನಿಗೆ ಇಪ್ಪತ್ತು. ಹೊಲಿಗೆ ಯಂತ್ರದ ಪಕ್ಕ, ಚೂರು ಬಟ್ಟೆಯ ಮೂಟೆಯ ಮೇಲೆ ಮಲಗಿ ಹುಡುಗ ಬೆಳೆದ. ಹದಿನೆಂಟಕ್ಕೆ ಮಂಜುಗಡ್ಡೆ ಕಾರ್ಖಾನೆ ಸೇರಿ, ನಾಲ್ವರು ಹೊರುವ ಗಡ್ಡೆಯನ್ನು ಒಬ್ಬನೇ ಹೊತ್ತು ಮೂವರ ಹೊಟ್ಟೆಯ ಮೇಲೆ ಹೊಡೆದ. ಅಲ್ಲಿಂದ ಅವನನ್ನು ಎತ್ತಿಕೊಂಡು ಹೋದದ್ದು ಕುಸ್ತಿ ಕಂಪನಿ.

ಮಣ್ಣಿನ ಕುಸ್ತಿಯಲ್ಲ, ಟಿಕೆಟ್ ಕೊಂಡು ನೋಡುವ, ಟೀವಿಯಲ್ಲಿ ಬರುವ ಕುಸ್ತಿ. ಗೆಲ್ಲುವವರು ಯಾರೆಂದು ಮಧ್ಯಾಹ್ನವೇ ತೀರ್ಮಾನವಾಗಿರುತ್ತಿತ್ತು. ಬೀಳುವುದು ಮಾತ್ರ ಸುಳ್ಳಲ್ಲ: ಹಲಗೆ ನಿಜವಾದ ಹಲಗೆ, ಬೆನ್ನು ನಿಜವಾದ ಬೆನ್ನು. ಕಂಪನಿ ಅವನನ್ನು ಇನ್ನೊಬ್ಬ ಪೈಲ್ವಾನನ ಜೊತೆ ಜೋಡಿ ಮಾಡಿ ‘ಗುಡುಗು–ಸಿಡಿಲು ಸಹೋದರರು’ ಎಂದು ಪೋಸ್ಟರ್ ಹಚ್ಚಿತು. ಜೊತೆಗಾರ ಗುಡುಗು ಅಣ್ಣನಂತೆ, ದರ್ಜಿಯ ತಮ್ಮ ಸಿಡಿಲು ತಮ್ಮನಂತೆ. ಇಬ್ಬರ ಹಳದಿ ಬಿಗಿ ಉಡುಪನ್ನೂ ಹೊಲಿದವನು ದರ್ಜಿ.

ಎಂಟು ವರ್ಷ ಗುಡುಗು ದರ್ಜಿಯ ಮನೆಯಲ್ಲೇ ಉಂಡ. ಅವನು ಉಂಡೆದ್ದ ಮೇಲೆ ಪಾತ್ರೆ ತೊಳೆಯುವ ಕೆಲಸವೇ ಉಳಿಯುತ್ತಿರಲಿಲ್ಲ. ಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದ: “ಟೀವಿಲಿ ಮಾತ್ರ ನಾನು ಅಣ್ಣ. ಈ ಮನೇಲಿ ನಿಮ್ಮ ಎರಡನೇ ತಮ್ಮ.”

ಆರನೆಯ ವರ್ಷ ಸಿಡಿಲಿನ ಭುಜದ ಕೀಲು ತಪ್ಪಿತು. ವಾಸಿಯಾಗಲು ಬಿಡದೆ, ಪ್ರತಿ ಪಂದ್ಯಕ್ಕೂ ಮುಂಚೆ ಕಂಪನಿಯವರು ನೋವಿಗೊಂದು ಸೂಜಿ ಚುಚ್ಚಿದರು. ಬರಬರುತ್ತ ಅವನ ಎದೆ ಸುಮ್ಮನೆ ಕೂತಾಗಲೂ ಹೊಲಿಗೆ ಯಂತ್ರದಂತೆ ಓಡತೊಡಗಿತು.

“ಒಂದು ತಿಂಗಳು ಮನೇಲಿರೋ,” ಎಂದ ಅಣ್ಣ.

“ಸಿಡಿಲು ಯಾವತ್ತಾದ್ರೂ ರಜಾ ಹಾಕುತ್ತಾ ಅಣ್ಣ?”

ಒಂದು ಸಂಜೆ ಗೆದ್ದು ಒಳಗೆ ಬಂದವನು, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಒಂದು ಬೂಟು ಬಿಚ್ಚಿದ. ಇನ್ನೊಂದನ್ನು ಆಸ್ಪತ್ರೆಯವರು ಬಿಚ್ಚಿದರು. ಇಪ್ಪತ್ತೊಂಬತ್ತು ವರ್ಷ.

ಮೂರನೆಯ ದಿನ ಗುಡುಗು ಟೀವಿಯಲ್ಲಿ ಅತ್ತ. ಎದುರಾಳಿ ‘ಕರಡಿ’ ಕುರ್ಚಿಯಿಂದ ಹೊಡೆದ ಏಟಿಗೇ ತನ್ನ ತಮ್ಮ ಸತ್ತನೆಂದೂ, ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲವೆಂದೂ ಎದೆ ಬಡಿದುಕೊಂಡ. ಕರಡಿಯೆಂಬ ಆ ಮನುಷ್ಯನಾದರೋ ಇರುವೆ ಅಡ್ಡ ಬಂದರೆ ನಿಂತು ದಾರಿ ಬಿಡುವವನು. ವೈರಿ ಅತ್ತದ್ದನ್ನು ಜನ ನೋಡಿದರೆ ವ್ಯಾಪಾರ ಕೆಡುತ್ತದೆಂದು ಹೆಲ್ಮೆಟ್ ಹಾಕಿಕೊಂಡೇ ಸಾವಿನ ಮನೆಗೆ ಬಂದು, ಮೂಲೆಯಲ್ಲಿ ಕೂತು, ಒಳಗೆ ಇಳಿಯುವ ಕಣ್ಣೀರಿಗೆ ಹೊರಗಿನಿಂದ ಗಾಜು ಒರೆಸಿಕೊಂಡು ಹೋಗಿದ್ದ.

ಸೇಡು ಐದು ತಿಂಗಳು ನಡೆಯಿತು. ಬೀದಿಯಲ್ಲಿ ಜನ ಗುಡುಗನ್ನು ತಬ್ಬಿ ಸಮಾಧಾನ ಹೇಳಿದರು. ಸತ್ತವನನ್ನು ಮಗುವಾಗಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದ್ದ ಪಕ್ಕದ ಮನೆಯಾಕೆಯೇ ದರ್ಜಿಯ ಮುಂದೆ ನಿಂತು, “ಪಾಪ, ಅವರಣ್ಣನ ಮುಖ ನೋಡೋಕಾಗಲ್ಲಪ್ಪ,” ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ದರ್ಜಿ ಗುಡುಗನ್ನು ಅಂಗಡಿಗೆ ಕರೆಸಿದ. “ನೀನು ಅಣ್ಣ ಅನ್ನಿಸ್ಕೋ, ಬೇಡ ಅನ್ನಲ್ಲ. ಒಂದೇ ಒಂದು ಸಲ ನಿಜ ಹೇಳ್ಬಿಡು. ಯಾರೂ ಹೊಡೀಲಿಲ್ಲ, ಸೂಜಿ ಚುಚ್ಚಿ ಚುಚ್ಚಿ ಆಡಿಸಿದ್ರು, ಎದೆ ನಿಂತುಹೋಯ್ತು ಅಂತ.”

ಗುಡುಗು ಹೊಲಿಗೆ ಯಂತ್ರ ಮುಟ್ಟಿ ಆಣೆ ಮಾಡಿದ. “ಸೇಡಿನ ಕೊನೇ ಪಂದ್ಯದ ದಿನ ಹೇಳ್ತೀನಣ್ಣ. ನೀವು ಮುಂದಿನ ಸಾಲಲ್ಲೇ ಕೂತಿರಿ.”

ದರ್ಜಿ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿಕೊಂಡು ಹೋಗಿ ಕೂತ. ಗುಡುಗು ಕರಡಿಯನ್ನು ಕೆಡವಿದ, ಮೈಕು ಹಿಡಿದ, ಆಕಾಶ ನೋಡಿದ. “ತಮ್ಮಾ, ನಿನ್ನನ್ನ ಹೊಡೆದು ಕೊಂದವನನ್ನ ಮಲಗಿಸಿದೀನಿ ನೋಡು. ಚಿಕ್ಕಂದಿನಲ್ಲೇ ಕಳೆದುಹೋಗಿದ್ದ ನಮ್ಮ ಕೊನೇ ತಮ್ಮನೂ ಸಿಕ್ಕಿದಾನೆ. ಮುಂದಿನ ವಾರ ಬರ್ತಾನೆ.” ಅಷ್ಟು ಹೇಳಿ ಮೈಕು ಕೆಳಗಿಟ್ಟ.

ಯಾವಾಗ ಕುರ್ಚಿಯ ಮೇಲೆ ಹತ್ತಿದನೋ ದರ್ಜಿಗೇ ಗೊತ್ತಿಲ್ಲ. “ಸುಳ್ಳು. ಅವನು ನನ್ನ ತಮ್ಮ. ಅವನನ್ನ ಯಾರೂ ಹೊಡೀಲಿಲ್ಲ.”

ಕ್ಯಾಮೆರಾ ತಿರುಗಿತು. ಪರದೆಯ ಮೇಲೆ ದರ್ಜಿಯ ಮೂಗೇ ಮೂರಂತಸ್ತಿನ ಮನೆಯಷ್ಟಾಯಿತು. ಸಾವಿರಾರು ಜನ ಉಸಿರು ಹಿಡಿದರು. ಗುಡುಗು ಅವನತ್ತ ನೋಡಿದ. ಕಣ್ಣಿನಲ್ಲಿ ಗುರುತು ಬಂತು, ಒಂದು ಗಳಿಗೆ ನಿಂತಿತು, ಹೊರಟುಹೋಯಿತು. ಮತ್ತೆ ಮೈಕು ಎತ್ತಿಕೊಂಡ.

“ನೋಡ್ರಪ್ಪ, ಕರಡಿ ಬಾಡಿಗೆಗೆ ತಂದು ಕೂರಿಸಿರೋ ಮನುಷ್ಯ. ಇವನ ಮುಖ ನಾನು ಹುಟ್ಟಿದಾಗಿನಿಂದ ನೋಡಿಲ್ಲ.”

ಜನ ಹಾಕಿದ ಕೂಗಿಗೆ ಚಾವಣಿ ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ಇಸ್ತ್ರಿಯ ಅಂಗಿಯ ಮೇಲೆ ಕಾಗದದ ಲೋಟಗಳು ಬಂದು ಬಿದ್ದವು.

ಮರುದಿನ ಬೆಳಗ್ಗೆ ಗಿರಾಕಿಗಳು ಬಂದು, “ಏನು ಆಕ್ಟಿಂಗ್ ಸ್ವಾಮಿ,” ಎಂದು ಕೈ ಕುಲುಕಿ ಹೋದರು. ಹತ್ತು ಗಂಟೆಗೆ ಗುಡುಗು ತಾನೇ ಬಂದ, ಜೊತೆಗೆ ಒಬ್ಬ ಎಳೆಯ ಪೈಲ್ವಾನ.

“ಬೇಜಾರು ಮಾಡ್ಕೋಬೇಡಿ ಅಣ್ಣ. ಜನ ಕಾದಿದ್ರು, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಕಂಪನಿ ಯಜಮಾನರಿಗೆ ನೀವು ಎಷ್ಟು ಹಿಡಿಸಿದ್ರಿ ಅಂತೀರಿ. ಮುಂದಿನ ವಾರವೂ ಬರಬೇಕಂತೆ. ಇವನಿಗೊಂದು ಹಳದಿ ಉಡುಪು ಬೇಕು, ಕೊನೇ ತಮ್ಮ.”

ದರ್ಜಿ ಟೇಪು ಕೈಗೆತ್ತಿಕೊಂಡ. ಹುಡುಗನ ಕೈ ಎತ್ತಿಸಿ ಎದೆಗೆ ಟೇಪು ಸುತ್ತಿದ. ಸುತ್ತುವ ನೆಪದಲ್ಲಿ ಕಿವಿಯ ಹತ್ತಿರ ಹೋದ. “ಸೂಜಿ ಚುಚ್ಚೋಕೆ ಬಂದ್ರೆ ಬೇಡ ಅನ್ನಪ್ಪ. ಎದೆ ಹೊಡ್ಕೊಂಡ್ರೆ ಕೆಲಸ ಬಿಟ್ಟು ಇಳಿದು ಬಾ. ನನ್ನ ತಮ್ಮ ಹಾಗೇ ಹೋದ.”

ಹುಡುಗನ ಮುಖ ಇಳಿಯಿತು. ತಿರುಗಿ ಗುಡುಗಿನತ್ತ ನೋಡಿದ. ಗುಡುಗು ಕಣ್ಣು ಹೊಡೆದ.

“ಅಬ್ಬ, ನಂಬೇಬಿಟ್ಟಿದ್ದೆ,” ಎಂದ ಹುಡುಗ. “ನಿನ್ನೆಗಿಂತ ಇವತ್ತೇ ಚೆನ್ನಾಗಿ ಮಾಡಿದ್ರಿ ಯಜಮಾನ್ರೇ.”

ಅವನು ನಕ್ಕದ್ದು ಟೇಪಿನ ಮೂಲಕ ದರ್ಜಿಯ ಬೆರಳಿಗೆ ತಟ್ಟಿತು. ನಲವತ್ತಾರು ಇಂಚು. ದರ್ಜಿ ಟೇಪನ್ನು ಸಡಿಲ ಬಿಟ್ಟು, ನಿಧಾನವಾಗಿ ಸುತ್ತಿಟ್ಟ; ಅಳತೆಯನ್ನು ಬರೆದುಕೊಳ್ಳಲಿಲ್ಲ.